ಅಂಟಿಸದ ಕೆಂಪು ಚೀಟಿ

ಶಿಷ್ಯ ಕೇಳಿದ: “ಗುರುಗಳೇ, ಇನ್ನೊಬ್ಬರ ತಪ್ಪನ್ನು ಅವರಿಗೂ ತಿಳಿಯದಂತೆ ನಾವೇ ಸರಿಪಡಿಸಿಬಿಟ್ಟರೆ ಅದು ಕರುಣೆಯಲ್ಲವೇ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಕಾರ್ಖಾನೆಯಿತ್ತು. ಅಲ್ಲಿ ಯಂತ್ರಗಳ ಒಳಗೆ ಕೂರಿಸುವ ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುತ್ತಿದ್ದರು. ಚಂದ್ರಕಲಾ ಎಂಬ ಹೆಂಗಸು ಆ ಬೋರ್ಡುಗಳಿಗೆ ಕೈಯಿಂದ ಬೆಸುಗೆ ಹಾಕುತ್ತಿದ್ದಳು. ಬೆಸುಗೆಯಾದ ಬೋರ್ಡು ಒಂದು ಕ್ಯಾಮೆರಾದ ಕೆಳಗೆ ಹೋಗುತ್ತಿತ್ತು. ಪ್ರತಿಯೊಂದು ಬೆಸುಗೆಯೂ ಪರದೆಯ ಮೇಲೆ ನಾಣ್ಯದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಪರದೆಯ ಮುಂದೆ ಸುಗುಣ ಎಂಬವಳು ಕುಳಿತಿರುತ್ತಿದ್ದಳು. ಬೆಸುಗೆಯ ಸೀಸ ಸರಿಯಾಗಿ ಹರಡಿದೆಯೇ, ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ನೋಡುವುದು ಅವಳ ಕೆಲಸ. ತಪ್ಪು ಕಂಡರೆ ಅಲ್ಲೊಂದು ಕೆಂಪು ಚೀಟಿ ಅಂಟಿಸಿ, ಬೆಸುಗೆ ಹಾಕಿದವರಿಗೇ ಬೋರ್ಡನ್ನು ವಾಪಸ್ ಕಳಿಸಬೇಕು. ಅದು ಅಲ್ಲಿನ ನಿಯಮ.

ಸುಗುಣ ಕೆಲಸಕ್ಕೆ ಸೇರಿದಾಗ ಅವಳ ಕೈಹಿಡಿದು ಬೆಸುಗೆ ಕಲಿಸಿದವಳು ಚಂದ್ರಕಲಾ. ಸುಗುಣ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಚಂದ್ರಕಲಾಳ ಬೋರ್ಡಿಗೆ ಕೆಂಪು ಚೀಟಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಅವಳಿಗೆ ಅದರ ಬಗ್ಗೆ ಅಭಿಮಾನವೂ ಇತ್ತು.

ಒಂದು ದಿನ ಸುಗುಣಳಿಗೆ ಪರದೆಯ ಮೇಲೆ ತಪ್ಪು ಕಂಡಿತು. ಬೋರ್ಡಿನ ಮೇಲಂಚಿನಲ್ಲಿ ಒಂದು ಕಡೆ ಸೀಸ ತಾಗಿಯೇ ಇರಲಿಲ್ಲ. ಅವಳು ಚೀಟಿಯನ್ನು ಕೈಗೆ ತೆಗೆದುಕೊಂಡಳು. ಅಕ್ಕನ ಮುಖ ನೆನಪಾಯಿತು. ಚೀಟಿಯನ್ನು ಹಾಗೆಯೇ ಇಟ್ಟು, ಪಕ್ಕದ ಮೇಜಿನ ಬೆಸುಗೆ ಕಡ್ಡಿಯನ್ನು ಕಾಯಿಸಿ ತಾನೇ ಸರಿಮಾಡಿದಳು. ಯಾರಿಗೂ ಗೊತ್ತಾಗಲಿಲ್ಲ.

ಕೆಲವು ದಿನಗಳ ನಂತರ ಅದೇ ಅಂಚಿನಲ್ಲಿ ಮತ್ತೊಂದು ತಪ್ಪು. ಅದನ್ನೂ ಸರಿಮಾಡಿದಳು. ತಿಂಗಳು ಕಳೆಯುವಷ್ಟರಲ್ಲಿ ಅದು ದಿನದ ಕೆಲಸವೇ ಆಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದುಹೋದಾಗ ಅವಳು ಉಳಿದು ಅಕ್ಕನ ಬೋರ್ಡುಗಳನ್ನು ತಿದ್ದುತ್ತಿದ್ದಳು. ಊಟ ತಪ್ಪಿದರೂ ಅವಳಿಗೆ ಬೇಸರವಿರಲಿಲ್ಲ. ಒಳ್ಳೆಯದೊಂದನ್ನು ಮಾಡುತ್ತಿದ್ದೇನೆ ಎಂಬ ಸಮಾಧಾನವಿತ್ತು. ಅವಳು ಕೆಟ್ಟವಳಲ್ಲ, ಅದನ್ನು ನೀನು ಮರೆಯಬೇಡ.

ಒಂದು ಸಂಜೆ ಬಸ್ಸು ಹತ್ತುವಾಗ ಚಂದ್ರಕಲಾಳ ಹಣೆ ಬಾಗಿಲಿನ ಮೇಲಿನ ಕಂಬಿಗೆ ಬಡಿಯಿತು. ಸೀಟಿನಲ್ಲಿ ಕುಳಿತು ಹಣೆ ಉಜ್ಜಿಕೊಳ್ಳುತ್ತಾ ಅವಳು ಪಕ್ಕದಲ್ಲಿದ್ದ ಸುಗುಣಳಿಗೆ ಹೇಳಿದಳು: “ಈಚೆಗೆ ಹೀಗೇ ಆಗುತ್ತಿದೆ ಕಣೇ. ಮೊನ್ನೆ ಮನೆಯಲ್ಲೂ ಕಪಾಟಿನ ಬಾಗಿಲು ತಾಗಿತು. ಕಣ್ಣು ತೋರಿಸಬೇಕೇನೋ ಅನ್ನಿಸಿತ್ತು. ಆಮೇಲೆ ಅಂದುಕೊಂಡೆ, ಕಣ್ಣು ಕೆಟ್ಟಿದ್ದರೆ ಮೊದಲು ಬೆಸುಗೆ ಕೆಡಬೇಕಿತ್ತಲ್ಲ? ಒಂದು ಬೋರ್ಡಾದರೂ ವಾಪಸ್ ಬಂದಿದೆಯಾ, ನೀನೇ ಹೇಳು.”

ಸುಗುಣಳ ಬಾಯಿಗೆ ಮಾತು ಬಂದಿತ್ತು. ಆದರೆ ಬಸ್ಸಿನಲ್ಲಿ ಜೊತೆಯವರೆಲ್ಲ ಇದ್ದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈಗ ಹೇಳುವುದು ಹೇಗೆ ಎಂಬ ಅಂಜಿಕೆಯೂ ಇತ್ತು.

“ಒಂದೂ ಬಂದಿಲ್ಲ ಅಕ್ಕಾ,” ಎಂದಳು.

ಚಂದ್ರಕಲಾ ಕಣ್ಣು ತೋರಿಸಲು ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸುಗುಣಳನ್ನು ಕಾರ್ಖಾನೆಯ ಬೇರೆ ವಿಭಾಗಕ್ಕೆ ಹಾಕಿದರು. ಅವಳ ಜಾಗಕ್ಕೆ ಬಂದವನಿಗೆ ಚಂದ್ರಕಲಾ ಯಾರೆಂದೇ ತಿಳಿಯದು. ಕಂಡ ತಪ್ಪಿಗೆಲ್ಲ ಅವನು ಚೀಟಿ ಅಂಟಿಸಿದ. ಮೊದಲ ದಿನವೇ ಒಂದು ತಟ್ಟೆ ತುಂಬ ಬೋರ್ಡುಗಳು ಅವಳ ಮೇಜಿಗೆ ವಾಪಸ್ ಬಂದವು.

ಚಂದ್ರಕಲಾ ಸಿಟ್ಟಾದಳು. ಇವು ನನ್ನವಲ್ಲ ಎಂದಳು. ಮೇಲ್ವಿಚಾರಕ ಬಂದು ಒಂದು ಬೋರ್ಡಿನ ಚೀಟಿ ಕಿತ್ತು ಅವಳ ಮುಂದೆ ಹಿಡಿದ. ಅವಳು ನೋಡಿ, ಎಲ್ಲ ಸರಿಯಾಗಿಯೇ ಇದೆ ಎಂದಳು. ಅವನು ಮೇಲಂಚಿನ ಮೇಲೆ ಬೆರಳಿಟ್ಟು, “ಇಲ್ಲಿ ನೋಡಿಯಮ್ಮಾ,” ಎಂದ. ಅವಳಿಗೆ ಬೆರಳೇ ಕಾಣಲಿಲ್ಲ. ತಲೆ ಎತ್ತಿ ಹುಡುಕಿದ ಮೇಲೆ ಕಂಡಿತು. ಅವನು ಬೈಯಲಿಲ್ಲ. ಬೋರ್ಡನ್ನು ಕೆಳಗಿಟ್ಟು, ಕಾರ್ಖಾನೆಯ ವ್ಯಾನಿನಲ್ಲಿ ಅವಳನ್ನು ಕಣ್ಣಾಸ್ಪತ್ರೆಗೆ ಕಳಿಸಿದ.

ವೈದ್ಯರು ಎರಡೂ ಕಣ್ಣು ಪರೀಕ್ಷಿಸಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸವೆಯುತ್ತಿದೆ, ನೋಟದ ಮೇಲ್ಭಾಗ ಬಹುಪಾಲು ಹೋಗಿದೆ ಎಂದರು. ಉಳಿದದ್ದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬಹುದು, ಹೋದದ್ದು ಮರಳುವುದಿಲ್ಲ. ಆರಂಭದಲ್ಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದೂ ಹೇಳಿದರು.

ಸುದ್ದಿ ತಿಳಿದು ಸುಗುಣ ಅವಳ ಮನೆಗೆ ಓಡಿದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಕೊಂಡಳು. ಚಂದ್ರಕಲಾ ನೆಲದ ಮೇಲೆ ಕುಳಿತಲ್ಲಿಂದಲೇ ಕೊನೆಯವರೆಗೂ ಕೇಳಿದಳು.

“ದಿನಾ ಅದೇ ಅಂಚಿನಲ್ಲೇ?”

“ಹೌದಕ್ಕಾ.”

“ದಿನಾ ಒಂದೇ ಜಾಗದಲ್ಲಿ ತಪ್ಪಾದರೆ ಇವಳಿಗೆ ಏನೋ ಆಗಿದೆ ಅಂತ ನಿನಗೆ ಅನ್ನಿಸಲಿಲ್ಲವೇನೇ?”

“ಅನ್ನಿಸಿತ್ತು. ಹೇಳಿದರೆ ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ...”

“ನೋವಾಗುತ್ತಿತ್ತು,” ಎಂದಳು ಚಂದ್ರಕಲಾ. “ಒಂದು ದಿನ ಅಳುತ್ತಿದ್ದೆ. ನಿನ್ನ ಮೇಲೆ ಮುನಿಸಿಕೊಂಡು ಒಂದು ವಾರ ಮಾತು ಬಿಡುತ್ತಿದ್ದೆ. ಆಮೇಲೆ ಆಸ್ಪತ್ರೆಗೆ ಹೋಗುತ್ತಿದ್ದೆ.”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. “ಗುರುಗಳೇ, ಸುಗುಣಳ ಮನಸ್ಸಿನಲ್ಲಿ ಕಪಟವಿರಲಿಲ್ಲವಲ್ಲ. ಚಂದ್ರಕಲಾ ಅವಳನ್ನು ಕ್ಷಮಿಸಿದಳೇ?”

ಗುರುಗಳು ಹೇಳಿದರು: “ಅಲ್ಲೇ, ಆಗಲೇ ಕ್ಷಮಿಸಿದಳು, ಆದರೆ ಎದುರಿಗೆ ನಿಂತವಳ ಕಣ್ಣಲ್ಲಿ ನೀರಿದ್ದದ್ದು ಅವಳಿಗೆ ಕಾಣಲಿಲ್ಲ.”