ಗಾಳಿ ಹಿಡಿದ ಇಂಜಿನ್

“ತಪ್ಪು ಅವನದು. ನಾನು ಸಿಟ್ಟಾದರೆ ಅದರಲ್ಲಿ ನನ್ನ ತಪ್ಪೇನು, ಗುರುಗಳೇ?”

ಹೀಗೆ ಕೇಳಿದವನು ಗುರುಪಾದ. ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ಅವನ ಜೊತೆಯ ಚೆನ್ನಮಲ್ಲ ಉಗ್ರಾಣದ ಕಿಟಕಿ ಮುಚ್ಚದೆ ಹೋಗಿದ್ದ. ಮಳೆ ನೀರು ನುಗ್ಗಿ ದಾಸೋಹದ ಅಕ್ಕಿಯೆಲ್ಲ ಮುಗ್ಗಿಹೋಗಿತ್ತು. ಚೆನ್ನಮಲ್ಲ ಬಂದು ಕಾಲಿಗೆ ಬಿದ್ದಾಗ ಗುರುಪಾದ ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. ಅಂದಿನಿಂದ ಅವನ ಜೊತೆ ಪಂಕ್ತಿಯಲ್ಲಿ ಉಣ್ಣಲೂ ಕೂರುತ್ತಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಾರಿನವನಿದ್ದ. ಅವನಿಗೊಬ್ಬ ತಮ್ಮ. ಇಬ್ಬರ ಹೊಟ್ಟೆಗೂ ಆಧಾರ ಒಂದು ಹಳೆಯ ಡೀಸೆಲ್ ಕಾರು. ಮದುವೆಗೆ, ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ ಊರಿನ ಜನ ಅದನ್ನೇ ಬಾಡಿಗೆಗೆ ಕರೆಯುತ್ತಿದ್ದರು. ತಮ್ಮನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅಣ್ಣ. ಬಾನೆಟ್ಟು ಎತ್ತಿ, ಯಾವ ಪೈಪಿನಲ್ಲಿ ಏನು ಹರಿಯುತ್ತದೆ ಎಂದು ತೋರಿಸಿಕೊಟ್ಟವನೂ ಅಣ್ಣನೇ. ಕಲಿಸುವಾಗ ಒಂದು ಮಾತನ್ನು ಸಾಕುಬೇಕಾಗುವಷ್ಟು ಹೇಳಿದ್ದ: ಗಾಡಿ ಹೊರಡಿಸುವ ಮುಂಚೆ ರೇಡಿಯೇಟರಿನ ನೀರು ನೋಡು.

ಒಂದು ದಿನ ತಮ್ಮ ನೀರು ನೋಡಲಿಲ್ಲ. ಮುಹೂರ್ತ ಮೀರುತ್ತದೆ ಎಂದು ಮದುವೆಯವರು ಅವಸರ ಮಾಡಿದರು. ಅವನು ಹಾಗೆಯೇ ಹೊರಟ. ಘಾಟಿ ಏರುವಾಗ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಮೇಲೆ ಮುಟ್ಟಿದ ಮೇಲೆ ನಿಲ್ಲಿಸಿದರಾಯಿತು ಎಂದುಕೊಂಡ. ಮೇಲೆ ಮುಟ್ಟುವ ಮುಂಚೆಯೇ ಇಂಜಿನ್ ಕಿರುಗುಟ್ಟಿ, ಜಾಮ್ ಆಗಿ ನಿಂತಿತು. ಮದುವೆಯವರು ಬಾಯಿಗೆ ಬಂದಂತೆ ಬೈದು ಬೇರೆ ಗಾಡಿ ಹತ್ತಿದರು. ಕಾರು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರಿಗೆ ಬಂತು.

ಅಣ್ಣ ಬಾನೆಟ್ಟು ಎತ್ತಿದ. ಸುಟ್ಟ ವಾಸನೆ ಮುಖಕ್ಕೆ ಹೊಡೆಯಿತು. ಪಿತ್ತ ನೆತ್ತಿಗೇರಿತು.

“ನೀರು ನೋಡು, ನೀರು ನೋಡು ಅಂತ ಬಡಕೊಂಡಿದ್ದೆನಲ್ಲೋ!”

“ತಪ್ಪಾಯಿತಣ್ಣ” ಎಂದ ತಮ್ಮ.

ಅವನು ಎದುರು ಮಾತಾಡಿದ್ದರೆ, ಏನಾದರೂ ನೆಪ ಹೇಳಿದ್ದರೆ, ಅಣ್ಣ ಇನ್ನು ನಾಲ್ಕು ಬೈದು ಸುಮ್ಮನಾಗುತ್ತಿದ್ದನೋ ಏನೋ. ಆದರೆ ತಮ್ಮ ಒಂದೇ ಮಾತಿಗೆ ತಪ್ಪು ಒಪ್ಪಿಕೊಂಡುಬಿಟ್ಟ. ಅಣ್ಣನ ಸಿಟ್ಟಿಗೆ ಹೊರಬರಲು ದಾರಿ ಸಿಗಲಿಲ್ಲ. ಅದು ಒಳಗೇ ಕೂತಿತು. ಇನ್ನು ಮೇಲೆ ಈ ಗಾಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದ. ಅಂದಿನಿಂದ ತಮ್ಮ ಶೆಡ್ಡಿನ ಬಾಗಿಲಿಂದ ಒಳಗೆ ಕಾಲಿಡಲಿಲ್ಲ.

ಅಣ್ಣ ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ಇಂಜಿನ್ ಇಳಿಸಿ ಬಿಚ್ಚಿ ಹರಡಿದ. ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಹೆಡ್ಡು ಸೊಟ್ಟಗಾಗಿತ್ತು. ಹೊಸ ಪಿಸ್ಟನ್ನು ಬಂತು, ರಿಂಗು ಬಂತು, ಬೇರಿಂಗು, ಗ್ಯಾಸ್ಕೆಟ್ಟು ಬಂದವು. ಡೀಸೆಲ್ ಪಂಪು ಪೇಟೆಗೆ ಹೋಗಿ ರಿಪೇರಿಯಾಗಿ ಬಂತು. ಒಂದೊಂದು ಹೊಸ ಸಾಮಾನು ಬಂದಾಗಲೂ ಅಣ್ಣನ ಸಿಟ್ಟೂ ಹೊಸದಾಗುತ್ತಿತ್ತು. “ಇದು ಅವನು ಸುಟ್ಟದ್ದು, ಇದೂ ಅವನೇ ಸುಟ್ಟದ್ದು” ಎನ್ನುತ್ತ ಹಳೆಯ ಸಾಮಾನನ್ನು ತಮ್ಮನ ಕಣ್ಣೆದುರಿಗೇ ಅಂಗಳಕ್ಕೆ ಎಸೆಯುತ್ತಿದ್ದ. ತಮ್ಮ ಅದನ್ನು ಹೆಕ್ಕಿ ಗೋಡೆಯ ಬದಿಗೆ ಜೋಡಿಸಿಡುತ್ತಿದ್ದ. ಅದನ್ನು ಕಂಡರೆ ಅಣ್ಣನ ಮೈ ಇನ್ನಷ್ಟು ಉರಿಯುತ್ತಿತ್ತು.

ಇಂಜಿನ್ ತಿರುಗಿ ಕೂರಿಸುವಾಗ ಒಂದು ಕೈ ಹಿಡಿಯಲು ತಮ್ಮನನ್ನು ಕರೆಯಿರಿ ಎಂದ ಮಿಸ್ತ್ರಿ. ಅವನ ಕೈ ತಾಗಿದರೆ ಇದೂ ಸುಟ್ಟುಹೋಗುತ್ತದೆ ಎಂದ ಅಣ್ಣ. ಮಿಸ್ತ್ರಿ ಒಬ್ಬನೇ ಹೆಣಗಾಡಿ ಕೂರಿಸಿದ. ಅಷ್ಟು ಹೊತ್ತೂ ಅಣ್ಣ ಅವನ ತಲೆಯ ಮೇಲೆ ನಿಂತಿದ್ದ. ನಟ್ಟು ಬಿಗಿಯಾಗಲಿಲ್ಲ ಎಂದ. ಪೈಪು ಓರೆಯಾಯಿತು ಎಂದ. ನೀನೂ ನನಗೆ ಟೋಪಿ ಹಾಕಲು ಬಂದವನೇ ಎಂದ. ಆ ಮಾತಿಗೆ ಮಿಸ್ತ್ರಿ ಎದ್ದು ಕೈ ಒರೆಸಿಕೊಂಡ. ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ, ನೀವು ತಣ್ಣಗಾದ ಮೇಲೆ ಹೇಳಿ ಕಳಿಸಿ ಎಂದು ಚೀಲ ಎತ್ತಿಕೊಂಡು ಹೊರಟ. ನೀನಿಲ್ಲದಿದ್ದರೆ ನನ್ನ ಗಾಡಿ ಓಡುವುದಿಲ್ಲವೋ ಎಂದು ಅಣ್ಣ ಅವನ ಬೆನ್ನಿಗೆ ಕೂಗಿದ.

ಮರುದಿನ ಅಣ್ಣ ತಾನೇ ಕೀಲಿ ತಿರುಗಿಸಿದ. ಸೆಲ್ಫು ತಿರುಗಿತು, ಇಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ತಿರುಗಿಸಿದ. ಸೆಲ್ಫಿನ ಸದ್ದು ಸಣ್ಣದಾಗುತ್ತ ಬಂದು ಬ್ಯಾಟರಿ ಮಲಗಿತು. ಟ್ರ್ಯಾಕ್ಟರಿನವನನ್ನು ಕರೆತಂದು ಹಗ್ಗ ಕಟ್ಟಿ ಎಳೆಸಿದ. ಕಾರು ಬೀದಿಯ ಆ ತುದಿಗೆ ಹೋಯಿತು, ಈ ತುದಿಗೆ ಬಂತು. ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಾಗಲೆಲ್ಲ ಮುಗ್ಗರಿಸಿತು, ಅಷ್ಟೆ. ಚಹಾದಂಗಡಿಯ ಮುಂದೆ ಕೂತವರು ಲೋಟ ಹಿಡಿದುಕೊಂಡೇ ಎದ್ದು ನಿಂತು ನೋಡಿದರು. ಒಬ್ಬ, “ಟ್ರ್ಯಾಕ್ಟರನ್ನೇ ಬಾಡಿಗೆಗೆ ಬಿಡಣ್ಣ, ಅದಾದರೂ ಓಡುತ್ತದೆ” ಎಂದ. ಎಲ್ಲರೂ ನಕ್ಕರು. ಅಣ್ಣ ಹಲ್ಲು ಕಡಿದುಕೊಂಡು ಕಾರನ್ನು ಶೆಡ್ಡಿಗೆ ತಳ್ಳಿಸಿದ.

ನೋಡು ಗುರುಪಾದ, ಡೀಸೆಲ್ ಇಂಜಿನ್ನಿನ ಪೈಪುಗಳನ್ನು ಬಿಚ್ಚಿ ಜೋಡಿಸಿದರೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಇರುವ ತನಕ ಡೀಸೆಲ್ ಮುಂದೆ ಹೋಗುವುದಿಲ್ಲ. ಪೈಪಿನ ನಟ್ಟುಗಳನ್ನು ಕೊಂಚ ಸಡಿಲಿಸಿ, ಪಂಪು ಒತ್ತಿ, ಮೊದಲು ಆ ಗಾಳಿಯನ್ನು ಹೊರಗೆ ಬಿಡಬೇಕು. ಮಿಸ್ತ್ರಿ ಬಾಕಿ ಉಳಿಸಿ ಹೋದ ಸಣ್ಣ ಕೆಲಸ ಇದೇ. ಅಣ್ಣನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಒಮ್ಮೆ ದಾರಿಯಲ್ಲಿ ಡೀಸೆಲ್ ಮುಗಿದು ಕಾರು ನಿಂತಾಗ ತಮ್ಮನಿಗೆ ಇದನ್ನು ಮಾಡಿ ತೋರಿಸಿದವನೇ ಅವನು. ಆದರೆ ಅಂದು ಅವನ ತಲೆಯಲ್ಲಿ ತಮ್ಮನಿದ್ದ, ಮಿಸ್ತ್ರಿಯಿದ್ದ, ಬೀದಿಯಲ್ಲಿ ನಕ್ಕ ಜನರಿದ್ದರು. ಇಂಜಿನ್ ಇರಲಿಲ್ಲ.

ಅವನು ಬೇರೆ ಬ್ಯಾಟರಿ ತಂದು ಕೂಡಿಸಿದ. ಮಿಸ್ತ್ರಿ ಬೇಕೆಂದೇ ಬಿಗಿ ಮಾಡದೆ ಹೋಗಿದ್ದಾನೆ ಎಂದು ಅವನ ಮನಸ್ಸು ಹೇಳಿತು. ದೊಡ್ಡ ಸ್ಪ್ಯಾನರ್ ಹಿಡಿದು ಒಂದೊಂದೇ ನಟ್ಟನ್ನು ಮೈಯ ಭಾರವನ್ನೆಲ್ಲ ಹಾಕಿ ಬಿಗಿದ. ಬಿಗಿದು ಕೀಲಿ ತಿರುಗಿಸಿದ. ಹಿಡಿಯಲಿಲ್ಲ. ಇನ್ನೂ ಬಿಗಿದ. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಸುಲಿಯಿತು. ನೆತ್ತಿಯ ಮೇಲಿನ ತಗಡು ಕಾದು ಶೆಡ್ಡು ಒಲೆಯಂತಾಗಿತ್ತು. ಮುಖದಿಂದ ಬೆವರು ಇಳಿದು ಬಾಯಿಗೆ ಹೋಗುತ್ತಿತ್ತು. ಅವನು ಕಾರಿಗೆ ಬೈದ. ಕಾರು ಮಾಡಿದವನಿಗೆ ಬೈದ. ಸತ್ತ ಅಪ್ಪನಿಗೂ ಬೈದ.

ಆ ಹೊತ್ತಿಗೆ ತಮ್ಮ ಬಾಗಿಲಿಗೆ ಬಂದು ನಿಂತ. ಟ್ರ್ಯಾಕ್ಟರ್ ಎಳೆಯುವುದನ್ನು ಅವನೂ ದೂರದಿಂದ ನೋಡಿದ್ದ. ಕಾರು ಮುಗ್ಗರಿಸುವ ರೀತಿ ನೋಡಿಯೇ ಅವನಿಗೆ ಕಾರಣ ತಿಳಿದಿತ್ತು. ಹೇಳಲೋ ಬೇಡವೋ ಎಂದು ಕೊಂಚ ಹೊತ್ತು ನಿಂತ. ಆಮೇಲೆ ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ.

“ಅಣ್ಣ, ಗಾಳಿ...” ಎಂದ.

ಅಷ್ಟೇ. ಸ್ಪ್ಯಾನರ್ ಅಣ್ಣನ ಕೈಯಿಂದ ಹಾರಿತು.

ತಮ್ಮನಿಗೆಂದೇ ಗುರಿಯಿಟ್ಟನೋ, ಬಾಗಿಲ ಕಡೆಗೆ ಸುಮ್ಮನೆ ಬೀಸಿದನೋ, ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಅದು ತಮ್ಮನ ಎಡಗಣ್ಣಿಗೆ ಬಡಿಯಿತು. ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕುಸಿದು ಕೂತ. ಬೆರಳ ಸಂದಿನಿಂದ ರಕ್ತ ಇಳಿಯಿತು.

ಅಣ್ಣ ಬೀದಿಗೆ ಓಡಿದ. ಟ್ರ್ಯಾಕ್ಟರಿನವನು ಹೋಗಿಯಾಗಿತ್ತು. ಉರಿಬಿಸಿಲಿಗೆ ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಚಹಾದಂಗಡಿಯ ಬಾಗಿಲು ಹಾಕಿತ್ತು. ಯಾರಾದರೂ ಬನ್ನಿರೋ ಎಂದು ಕೂಗಿದ. ಯಾರೂ ಬರಲಿಲ್ಲ. ಊರಿನವರು ಆಸ್ಪತ್ರೆಗೆ ಹೋಗಬೇಕಾದಾಗ ಕರೆಯುತ್ತಿದ್ದದ್ದು ಅವನ ಕಾರನ್ನೇ. ಆ ಕಾರು ಶೆಡ್ಡಿನಲ್ಲಿ ಸತ್ತು ನಿಂತಿತ್ತು.

ಅವನು ತಿರುಗಿ ಓಡಿ ಬಂದು ತಮ್ಮನ ಮುಂದೆ ಮಂಡಿಯೂರಿದ. ಹೆಗಲ ಮೇಲಿನ ಟವೆಲನ್ನು ಅವನ ಕಣ್ಣಿಗೆ ಒತ್ತಿ ಹಿಡಿದ. ಏನು ಮಾಡಲೋ, ಏನು ಮಾಡಲೋ ಎಂದು ಅದನ್ನೇ ಹಲುಬಿದ.

“ನಟ್ಟು ಸಡಿಲ ಮಾಡಣ್ಣ. ಒಳಗೆ ಗಾಳಿ ಇದೆ” ಎಂದ ತಮ್ಮ. “ನೀನೇ ಹೇಳಿಕೊಟ್ಟದ್ದಲ್ಲವೆ?”

ಆಗ ಅಣ್ಣನಿಗೆ ನೆನಪಾಯಿತು. ಸ್ಪ್ಯಾನರ್ ಬಾಗಿಲ ಬಳಿ ಬಿದ್ದಿತ್ತು. ಅದನ್ನೇ ಎತ್ತಿಕೊಂಡ. ತಾನು ಅಷ್ಟು ಬಲ ಹಾಕಿ ಬಿಗಿದಿದ್ದ ನಟ್ಟುಗಳು ಈಗ ಅಲ್ಲಾಡಲಿಲ್ಲ. ಅಳುತ್ತ, ತನ್ನ ಕೈಯನ್ನೇ ಶಪಿಸುತ್ತ ಒಂದೊಂದನ್ನೇ ಸಡಿಲಿಸಿದ. ಪಂಪು ಒತ್ತಿದ. ಕೀಲಿ ತಿರುಗಿಸಲು ಮತ್ತೊಬ್ಬ ಬೇಕಿತ್ತು. ತಮ್ಮ ಗೋಡೆ ಹಿಡಿದು ಎದ್ದು, ಒಂದು ಕೈಯಲ್ಲಿ ಟವೆಲ್ ಒತ್ತಿಕೊಂಡು, ಒಳಗೆ ಕೂತು ಕೀಲಿ ತಿರುಗಿಸಿದ. ನಟ್ಟಿನ ಸಂದಿನಿಂದ ಮೊದಲು ನೊರೆ ಬಂತು. ನೊರೆ ಬರುತ್ತ ಬರುತ್ತ ತಿಳಿಯಾಗಿ, ಆಮೇಲೆ ಬರೀ ಡೀಸೆಲ್ ಬಂತು. ಅಣ್ಣ ಮೆಲ್ಲಗೆ ಬಿಗಿದ. ತಮ್ಮ ಮತ್ತೊಮ್ಮೆ ಕೀಲಿ ತಿರುಗಿಸಿದ. ಇಂಜಿನ್ ಮೈ ನಡುಗಿಸಿ, ಬಿಳಿ ಹೊಗೆ ಕಾರಿ ಹಿಡಿದುಕೊಂಡಿತು. ಅದರ ಸದ್ದಿಗೆ ಶೆಡ್ಡಿನ ತಗಡೆಲ್ಲ ಅದುರಿತು. ಇಬ್ಬರಲ್ಲಿ ಯಾರಿಗೂ ಅದು ಖುಷಿ ಕೊಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಕೆಲಸ ಮಾಡುವಾಗ ಸ್ಪ್ಯಾನರ್ ಜಾರಿತು ಎಂದ ತಮ್ಮ. ಅಣ್ಣ ಬಾಯಿ ತೆರೆದ. “ಜಾರಲಿಲ್ಲ, ನಾನು ಎಸೆದೆ” ಎಂದ. ತಮ್ಮ ಮುಖ ಆಚೆಗೆ ತಿರುಗಿಸಿಕೊಂಡ. ಗಾಯ ಮಾಗಿತು. ಕಣ್ಣು ಬರಲಿಲ್ಲ.

ಕಾರು ಈಗ ಸೊಗಸಾಗಿ ಓಡುತ್ತಿದೆ. ಅಣ್ಣ ಓಡಿಸುತ್ತಾನೆ. ತಮ್ಮ ಸ್ಟ್ಯಾಂಡಿನಲ್ಲಿ ಕೂತು ಗಿರಾಕಿಗಳನ್ನು ಕೂಗುತ್ತಾನೆ. ಚಹಾದ ಲೋಟಕ್ಕೆ ಕೈ ಚಾಚಿದಾಗ ಒಮ್ಮೊಮ್ಮೆ ಅವನ ಕೈ ಪಕ್ಕಕ್ಕೆ ಹೋಗುತ್ತದೆ. ಆಗ ಅಣ್ಣ ಲೋಟವನ್ನು ಆ ಕೈಯ ಬಳಿಗೆ ಸರಿಸುತ್ತಾನೆ.

ಕತೆ ಇಲ್ಲಿಗೆ ನಿಂತಿತು. ಗುರುಪಾದನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಆದರೂ ಗುರುಗಳೇ, ಮೊದಲು ಇಂಜಿನ್ ಸುಟ್ಟವನು ತಮ್ಮನೇ ಅಲ್ಲವೆ? ತಪ್ಪು ಅವನದೇ ಅಲ್ಲವೆ?” ಎಂದ.

ಗುರುಗಳು ಹೇಳಿದರು: “ಅವನದೇ. ಸ್ಪ್ಯಾನರ್ ಎಸೆದ ಮೇಲೆ ಅದನ್ನು ಹೇಳುವ ಬಾಯಿ ಮಾತ್ರ ಅಣ್ಣನಿಗೆ ಉಳಿಯಲಿಲ್ಲ.”