ಭರಮ ಆರಿಸಿದ ಬೇಳೆ

ಶಿಷ್ಯ ಕೇಳಿದ: "ಗುರುಗಳೇ, ಬೆಳಿಗ್ಗೆ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ಮಠಕ್ಕೆ ಬಂದಿದ್ದಳು. ಮಗಳು ಬೆಳೆದ ಹೆಂಗಸು, ಬುದ್ಧಿ ಮಾತ್ರ ವಯಸ್ಸಿನಷ್ಟು ಬೆಳೆದಿಲ್ಲ. ಅಡುಗೆಮನೆಯಲ್ಲಿ ಇವಳಿಗೇನಾದರೂ ಕೆಲಸ ಕೊಡಿ ಎಂದಳು. ಕೆಲಸ ಯಾಕಮ್ಮ, ದಿನವೂ ಬಂದು ಉಂಡು ಹೋಗಲಿ ಎಂದೆ. ತಾಯಿ ಮುಖ ಬಿಗಿದುಕೊಂಡು ಎದ್ದು ಹೋದಳು. ಅನ್ನ ಕೊಡುತ್ತೇನೆ ಎಂದವನ ಮೇಲೆ ಕೋಪವೇಕೆ?"

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಭರಮ ಎಂಬವನಿದ್ದ. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು. ಮೈಯಲ್ಲಿ ಕಸುವಿತ್ತು. ಆದರೆ ಮಾತು ತಡೆದು ತಡೆದು ಬರುತ್ತಿತ್ತು. ಹೇಳಿದ್ದು ತಲೆಗೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. ಪೇಟೆಯವರು ಅವನನ್ನು ಪೆದ್ದ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವಳು ಅಕ್ಕ ಹೊನ್ನವ್ವ ಒಬ್ಬಳೇ. ಅವಳು ಕಂಡವರ ಮನೆಯಲ್ಲಿ ರೊಟ್ಟಿ ಬಡಿದು ಇಬ್ಬರ ಹೊಟ್ಟೆ ಹೊರೆಯುತ್ತಿದ್ದಳು. ಭರಮ ಹೊಸಿಲ ಮೇಲೆ ಕೂತು, ಬೀದಿಯ ಗಂಡಸರೆಲ್ಲ ಕೆಲಸಕ್ಕೆ ಹೋಗುವುದನ್ನು ನೋಡುತ್ತಿದ್ದ. "ನಾನು ಎಲ್ಲಿಗೆ ಹೋಗಲಿ ಅಕ್ಕಾ?" ಎಂದು ಕೇಳುತ್ತಿದ್ದ.

ಕೊನೆಗೆ ಅವಳು ಒಬ್ಬ ಬೇಳೆ ವರ್ತಕನ ಬಳಿ ಹೋದಳು. ವರ್ತಕ ಒಳ್ಳೆಯವನು, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. "ನಾಳೆಯಿಂದ ಬರಲಿ" ಎಂದ.

ಭರಮನನ್ನು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕೂರಿಸಿದರು. ಒಂದು ಚೀಲ ತೊಗರಿ ಬೇಳೆ, ಒಂದು ಮೊರ. ಬೇಳೆಯಲ್ಲಿರುವ ಕಲ್ಲು ಆರಿಸುವುದು ಅವನ ಕೆಲಸ. ಭರಮ ತಲೆ ಎತ್ತದೆ ಆರಿಸಿದ. ಸಂಜೆ ಕೂಲಿ ತಂದು ಅಕ್ಕನ ಕೈಗಿಟ್ಟ. ಅಂದಿನಿಂದ ಅವನ ನಡಿಗೆಯೇ ಬೇರೆಯಾಯಿತು. ದಾರಿಯಲ್ಲಿ ಯಾರ ಮನೆಯಿಂದಲಾದರೂ ಒಗ್ಗರಣೆಯ ವಾಸನೆ ಬಂದರೆ ನಿಲ್ಲುತ್ತಿದ್ದ. "ಇದು ನನ್ನ ಬೇಳೆ. ಇವರ ಹಲ್ಲಿಗೆ ಕಲ್ಲು ಸಿಗುವುದಿಲ್ಲ" ಎನ್ನುತ್ತಿದ್ದ.

ಹೀಗೇ ತಿಂಗಳುಗಳು ಕಳೆದವು. ಒಂದು ಸಂಜೆ ಭರಮ ಮರೆತು ಬಂದ ಟವೆಲಿಗಾಗಿ ಪಡಸಾಲೆಗೆ ಹಿಂತಿರುಗಿದ. ಅಲ್ಲಿ ಅಂಗಡಿಯ ಆಳು, ಅವನು ಆರಿಸಿಟ್ಟ ಕಲ್ಲನ್ನೆಲ್ಲ ಮತ್ತೆ ಬೇಳೆಗೆ ಸುರಿದು ಕೈಯಾಡಿಸುತ್ತಿದ್ದ. ಭರಮ ಆಳಿನ ತಪ್ಪು ಎಂದುಕೊಂಡ. ಓಡಿ ಹೋಗಿ ವರ್ತಕನಿಗೆ ಹೇಳಿದ.

ವರ್ತಕ ನಕ್ಕು ಅವನ ಬೆನ್ನು ತಟ್ಟಿದ. "ನಾನೇ ಹೇಳಿದ್ದೇನೆ ಭರಮಾ. ಮಾರುವ ಬೇಳೆಯನ್ನು ಮುಂದಿನ ಜಗಲಿಯಲ್ಲಿ ಹೆಂಗಸರು ಆರಿಸುತ್ತಾರೆ. ಈ ಚೀಲ ನಿನಗೆಂದೇ ಇಟ್ಟಿರುವುದು. ನಿನ್ನ ಕೂಲಿ ಏನೂ ತಪ್ಪುವುದಿಲ್ಲ."

ಮಾತು ತಲೆಗೆ ಇಳಿಯುವವರೆಗೆ ಭರಮ ನಿಂತಿದ್ದ. ಆಮೇಲೆ ಕೇಳಿದ: "ಹಾಗಾದರೆ ನಾನು ಆರಿಸಿದ ಬೇಳೆಯನ್ನು ಯಾರು ಉಂಡರು?"



ಮರುದಿನ ಭರಮ ಕೆಲಸಕ್ಕೆ ಹೋಗಲಿಲ್ಲ. ವರ್ತಕ ಕೂಲಿಯನ್ನು ಮನೆಗೇ ಕಳಿಸಿದ. ಭರಮ ಮುಟ್ಟದೆ ಹಿಂದಕ್ಕೆ ಕಳಿಸಿದ. ಹೊನ್ನವ್ವ ಎದೆ ಬಡಿದುಕೊಂಡಳು. "ಕೈಗೆ ಬಂದಿದ್ದನ್ನು ಒದೆಯಬೇಡವೋ. ನಾನು ಸತ್ತರೆ ನಿನಗೆ ಯಾರಿದ್ದಾರೆ?" ಎಂದಳು. ಭರಮ ಮನೆಯ ಮೊರ ತೆಗೆದುಕೊಂಡು ಹೋಗಿ ವರ್ತಕನ ಅಂಗಡಿಯ ಎದುರು, ನಡುಬೀದಿಯಲ್ಲಿ ಕೂತುಬಿಟ್ಟ. ಕೇಳಿದವರಿಗೆಲ್ಲ "ಮಾರುವ ಬೇಳೆ ಕೊಡಲಿ" ಎಂದ. ಬೇರೆ ಮಾತಿಲ್ಲ. ಗಾಡಿಗಳು ಅವನನ್ನು ಸುತ್ತಿಕೊಂಡು ಹೋದವು. ಜನ ಸೇರಿದರು, ನಕ್ಕರು. ಬಿಸಿಲು ನೆತ್ತಿಗೆ ಬಂದರೂ ಅವನು ಏಳಲಿಲ್ಲ.

ಸುದ್ದಿ ತಿಳಿದು ಹೊನ್ನವ್ವ ಓಡಿ ಬಂದಳು. ಅವನನ್ನು ಎಳೆದುಕೊಂಡು ಹೋಗಬೇಕೆಂದೇ ಬಂದವಳು. ತೋಳು ಹಿಡಿದಳು. ಅವನು ತೋಳು ಬಿಡಿಸಿಕೊಂಡ. ಹುಟ್ಟಿದಾಗಿನಿಂದ ಅವನು ಅಕ್ಕನ ಕೈ ಕೊಡವಿದ್ದು ಅದೇ ಮೊದಲು. ಹೊನ್ನವ್ವ ಅವನ ಮುಖ ನೋಡಿದಳು. ನೋಡಿ, ಸೆರಗು ತಲೆಗೆ ಹೊದ್ದು, ಅವನ ಪಕ್ಕದಲ್ಲೇ ಕೂತಳು.

ವರ್ತಕ ಹೊರಗೆ ಬಂದ. ಅವನಿಗೆ ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. "ಏನವ್ವ, ನಾನು ಮಾಡಿದ ಉಪಕಾರಕ್ಕೆ ಬೀದಿಯಲ್ಲಿ ನನ್ನ ಮಾನ ಕಳೆಯುತ್ತೀರಾ?"

"ಉಪಕಾರ ಕೇಳಿ ಬಂದವರಲ್ಲ ನಾವು, ಸಾಹುಕಾರರೇ" ಎಂದಳು ಹೊನ್ನವ್ವ. "ಕೆಲಸ ಕೇಳಿದ್ದೆವು. ಕೊಡಿ. ಇವನ ಕೈಯಲ್ಲಿ ಆಗದಿದ್ದರೆ ಆಗಲಿಲ್ಲ ಎಂದು ಹೇಳಿ ಕಳಿಸಿ, ಹೋಗುತ್ತೇವೆ. ಆಟಿಕೆ ಕೊಟ್ಟು ಕೂರಿಸಬೇಡಿ. ನನ್ನ ತಮ್ಮ ಕೂಸಲ್ಲ."

ನಗುತ್ತಿದ್ದವರು ನಗು ನಿಲ್ಲಿಸಿದರು. ವರ್ತಕ ಜಗಲಿಯ ಹೆಂಗಸರಿಗೆ ಸರಿದು ಜಾಗ ಮಾಡಲು ಹೇಳಿದ.

ಭರಮ ಅವರ ನಡುವೆ ಕೂತ. ಅವರು ಎರಡು ಮೊರ ಮುಗಿಸುವಷ್ಟರಲ್ಲಿ ಇವನದು ಅರ್ಧವೂ ಆಗುತ್ತಿರಲಿಲ್ಲ. ಕೆಲವರು ಗೊಣಗಿದರು. ಒಬ್ಬ ಮುದುಕಿ ಮಾತ್ರ ಅವನ ಕೈಯ ಮೇಲೆ ತನ್ನ ಕೈಯಿಟ್ಟು, ಮೊರವನ್ನು ಓರೆ ಹಿಡಿದು ಅಲುಗಿಸಿ ಕಲ್ಲನ್ನು ಒಂದು ಬದಿಗೆ ತರುವುದನ್ನು ತೋರಿಸಿದಳು. ಮರೆತಾಗ ಮತ್ತೆ ತೋರಿಸಿದಳು.

ಕೆಲವು ದಿನ ಕಳೆಯಿತು. ಒಬ್ಬ ಗಿರಾಕಿ ಬೇಳೆಯಲ್ಲಿ ಕಲ್ಲು ಸಿಕ್ಕಿತೆಂದು ಅಂಗಡಿಗೆ ಬಂದು ಕೂಗಾಡಿದ. ಬೇಳೆ ಭರಮ ಆರಿಸಿದ್ದು. ವರ್ತಕ ಜಗಲಿಗೆ ಬಂದವನೇ ಎಲ್ಲರ ಎದುರು ಅವನನ್ನು ಬೈದ. "ಕಣ್ಣು ಎಲ್ಲಿಟ್ಟಿದ್ದೆ? ನಿನ್ನಿಂದ ನನ್ನ ಅಂಗಡಿಯ ಹೆಸರು ಕೆಟ್ಟಿತು" ಎಂದ. ಬೈದು ಮುಗಿಸಿದ ಮೇಲೆ ಅವನ ಪಕ್ಕ ಕೂತು, ಎಲ್ಲಿ ತಪ್ಪಿತೆಂದು ನೋಡಿದ. ಭರಮ ಕೂತಿದ್ದ ಮೂಲೆಯಲ್ಲಿ ಕಂಬದ ನೆರಳು ಬೀಳುತ್ತಿತ್ತು. ವರ್ತಕ ಅವನನ್ನು ಬೆಳಕಿಗೆ ಸರಿಸಿ ಕೂರಿಸಿದ.

ಆ ಸಂಜೆ ಭರಮ ಮನೆಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಹೊನ್ನವ್ವ ಗಾಬರಿಯಾಗಿ ಏನಾಯಿತೆಂದು ಕೇಳಿದಳು.

"ಸಾಹುಕಾರರು ನನ್ನನ್ನು ಬೈದರು" ಎಂದ ಭರಮ. ಆಮೇಲೆ ಎದೆ ಸೆಟೆಸಿ ಹೇಳಿದ: "ನಾನು ಆರಿಸಿದ್ದನ್ನು ಜನ ಉಣ್ಣುತ್ತಾರೆ ಅಕ್ಕಾ. ನಾಳೆ ಬೇಗ ಹೋಗಬೇಕು."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ವರ್ತಕನಲ್ಲಿ ಮೊದಲು ಕರುಣೆ ಇರಲಿಲ್ಲವೇ, ಗುರುಗಳೇ?"

"ಇತ್ತು, ಅದಕ್ಕೇ ಭರಮ ಒಂದು ಬೈಗುಳ ಸಂಪಾದಿಸಲು ಬೀದಿಯಲ್ಲಿ ಕೂರಬೇಕಾಯಿತು" ಎಂದರು ಗುರುಗಳು.

ಶಿಷ್ಯ ಎದ್ದು ಆ ತಾಯಿಯ ಮನೆ ಹುಡುಕಿಕೊಂಡು ಹೊರಟ.