ಮಸುಕಾಗದ ಕನ್ನಡಿ

"ಕೇಳಿರಪ್ಪೋ ಕೇಳಿ! ಮೂಡಲಸೀಮೆಯಿಂದ ರಾಜಸಭೆಗೆ ಆರಿಸಬೇಕಾದ ಪೀಠ ಖಾಲಿ ಬಿದ್ದಿದೆ. ನಿಂತ ಇಬ್ಬರಿಗೂ ಜನರ ಕೈ ಸಮಸಮ ಎದ್ದಿವೆ. ಹಾಗಾಗಿ ಮಹಾರಾಜರ ಮೂರು ಒಗಟು ಬಿಡಿಸಿದವರಿಗೇ ಪೀಠ. ಯಾರು ಬೇಕಾದರೂ ಬರಬಹುದು. ತಪ್ಪಿದರೆ ತಲೆದಂಡ!"

ಡಂಗುರ ಕೇಳಿ ಕಂಕಣಗಿರಿಯ ಜನ ನಕ್ಕರು. ಆ ಪೀಠದಲ್ಲಿ ಒಂದೇ ಒಂದು ಸಲ ಕೂತೆದ್ದರೂ ಸಾಯುವತನಕ ಉಂಬಳಿ. ಅಕ್ಕಿ, ತುಪ್ಪ ಪಲ್ಲಕ್ಕಿಯೇರಿ ಮನೆಬಾಗಿಲಿಗೇ ಬರುತ್ತಿದ್ದವು. ಅಂಥದ್ದಕ್ಕೆ ತಲೆ ಒಡ್ಡುವವರಿಗೇನು ಬರ?

ಸುಣ್ಣದ ಗೂಡಿನ ಆಳು ಮುದ್ದೀರ ಮಾತ್ರ ನಗಲಿಲ್ಲ. ಅವನನ್ನು ಸಾಕಿದ ಅಜ್ಜಿ ಕೆಂಚವ್ವ ರಾಜನ ಕೋಟೆಗೆ ಗಾರೆ ಅರೆದು ಅರೆದು ಸೊಂಟ ಬಾಗಿದವಳು. ಅಂಥ ಮುದುಕರಿಗೆ ಅರಮನೆಯಿಂದ ತಿಂಗಳಿಗೊಂದು ಮೊರ ರಾಗಿ. ಅದಕ್ಕೂ ಒಂದು ಕಟ್ಟಳೆ: ಪ್ರತಿ ಅಮಾವಾಸ್ಯೆ ಬಂದು ಕಣಜದ ಬಾಗಿಲಿನ ಕಂಚಿನ ಕನ್ನಡಿಗೆ ಉಸಿರು ಊದಬೇಕು. ಕನ್ನಡಿ ಮಸುಕಾದರೆ ಮುದುಕರು ಬದುಕಿದ್ದಾರೆ ಅಂತ. ಹೋದ ಅಮಾವಾಸ್ಯೆ ಜ್ವರದಲ್ಲಿದ್ದ ಅಜ್ಜಿಯನ್ನು ಮುದ್ದೀರ ಬೆನ್ನ ಮೇಲೆ ಹೊತ್ತು ತಂದಿದ್ದ. ಅವಳ ಉಸಿರಿಗೆ ಬಲವಿರಲಿಲ್ಲ. ಕನ್ನಡಿ ಮಿರಮಿರ ಮಿಂಚುತ್ತಲೇ ಇತ್ತು.

"ಅಜ್ಜೀ, ನೀನು ಸತ್ತಿದ್ದೀಯ," ಎಂದ ಕಣಜದವನು.

"ಹೌದೇನಪ್ಪ? ನಂಗ್ಯಾರೂ ಹೇಳ್ಲೇ ಇಲ್ವಲ್ಲ," ಎಂದಳು ಕೆಂಚವ್ವ.

ರಾಗಿ ನಿಂತಿತು. ಮಳೆಗಾಲಕ್ಕೆ ಗೂಡೂ ಆರಿತ್ತು. ಮನೆಯಲ್ಲಿ ಗಡಿಗೆ ಬೋರಲು ಬಿದ್ದಿತ್ತು. ತಲೆ ಹೋದರೆ ಹೋಗಲಿ ಎಂದು ಮುದ್ದೀರ ಅರಮನೆಗೆ ಹೊರಟ.

ಖಾಲಿ ಪೀಠದಲ್ಲೇ ಕೂತು ಉತ್ತರ ಹೇಳಬೇಕಿತ್ತು. ಸಮಸಮ ಕೈ ಪಡೆದ ಇಬ್ಬರಲ್ಲಿ ಮೊದಲು ರೇಷ್ಮೆ ವ್ಯಾಪಾರಿ ಪದುಮರಸ ಕೂತ.

"ಒಂದು ಹಸು," ಎಂದ ರಾಜ. "ಮೇವು ಹಾಕುವುದು ಊರೆಲ್ಲ, ಹಾಲು ಒಬ್ಬನಿಗೇ. ಅವನು ಹಗ್ಗ ಬಿಟ್ಟು ಹೋದರೂ ಅದು ಅವನ ಮನೆಗೇ ಹೋಗಿ ಹಾಲು ಕೊಡುತ್ತದೆ. ಯಾವುದು?"

"ಕಾಮಧೇನು, ಪ್ರಭು!"

ಅವನನ್ನು ಸೆರೆಗೆ ಎಳೆದೊಯ್ದರು. ಇನ್ನೊಬ್ಬ, ಹಳೆಯ ಸಭಾಸದನ ಮಗ ಮಲ್ಲರಾಜ, "ಅರಮನೆಯ ಹಸು" ಎಂದು ಅವನ ಹಿಂದೆಯೇ ಹೋದ. ಮುದ್ದೀರನ ಸರದಿ ಬಂತು. ಮೆತ್ತನೆಯ ಆಸನದಲ್ಲಿ ಕೂತಾಗ ತಲೆದಂಡದ ಭಯ ತಾನಾಗಿ ಇಳಿಯಿತು. ಅದು ಅವನಿಗೇ ಆಶ್ಚರ್ಯ.

"ನಾನು ಕೂತಿರೋ ಈ ಪೀಠವೇ ಆ ಹಸು, ಬುದ್ಧೀ. ಎದ್ದು ಹೋದ್ರೂ ಉಂಬಳಿ ಹಿಂದೇನೇ ಬತ್ತದೆ."

ಸಭಾಸದರು ಕೆಮ್ಮಿದರು. ರಾಜ ಎರಡನೆಯದು ಕೇಳಿದ: "ಮುಖ ನೋಡಿಕೊಳ್ಳಲು ಯಾರೂ ಅದರ ಮುಂದೆ ನಿಲ್ಲುವುದಿಲ್ಲ. ಅದು ಮಂಕಾದರೆ ಊಟ, ಹೊಳೆದರೆ ಉಪವಾಸ."

"ಕಣಜದ ಕನ್ನಡಿ, ಬುದ್ಧೀ. ನಮ್ಮಜ್ಜಿ ಅದ್ರ ಮುಂದೆ ನಿಂತ್ಕಂಡೇ ಸತ್ತೋದ್ಲು. ಈಗ ಮನೇಲಿ ಹಸ್ಕಂಡು ಕೂತವ್ಳೆ."

ರಾಜ ಮೂರನೆಯದು ಕೇಳಿದ: "ಎಲ್ಲರ ಮನೆಗೂ ಬರುವ ನೆಂಟ ಒಬ್ಬನೇ. ಒಂದು ಮನೆಯಲ್ಲಿ ಅವನಿಗೆ ಚಾಮರ, ಇನ್ನೊಂದು ಮನೆಯಲ್ಲಿ ಅವನು ಬಂದಮೇಲೆ ಒಲೆಯೇ ಉರಿಯುವುದಿಲ್ಲ. ಯಾರವನು?"

"ಮುಪ್ಪು," ಎಂದ ಮುದ್ದೀರ ಮೆಲ್ಲಗೆ.

ರಾಜ ಕಿರೀಟ ತೆಗೆದು ಮಡಿಲಲ್ಲಿಟ್ಟುಕೊಂಡ. ಅವನಿಗೂ ತಲೆ ನೆರೆತಿತ್ತು. "ನನಗೆ ಇದೆಲ್ಲ ಗೊತ್ತಿತ್ತಪ್ಪ. ಹೇಳುವ ಬಾಯಿ ಬೇಕಿತ್ತು. ಪೀಠ ನಿನ್ನದು. ಮತ್ತೇನು ಬೇಕು?"

"ಸೆರೇಲಿರೋರ ತಲೆ ಉಳಿಸಿ. ಆ ಕನ್ನಡಿ ಕಿತ್ತಾಕ್ಸಿ."

ತಲೆಗಳೇನೋ ಉಳಿದವು. ಇಬ್ಬರೂ ಒಮ್ಮೆ ಪೀಠದಲ್ಲಿ ಕೂತವರಾದ್ದರಿಂದ ಅವರಿಗೂ ಆಜೀವ ಉಂಬಳಿ ಸಲ್ಲಬೇಕೆಂದು ಸಭೆ ಒಮ್ಮತದಿಂದ ಕೈಯೆತ್ತಿತು. ಕನ್ನಡಿಯ ಮಾತು ಬಂದಾಗ ಕೈಗಳೆಲ್ಲ ಮಡಿಲಿಗಿಳಿದವು.

"ಸಭೆಯ ಕೈ ಏಳದೆ ನಾನು ಕಟ್ಟಳೆ ಬದಲಿಸುವಂತಿಲ್ಲ. ಒಂದೇ ಒಂದು ಕೈ ಎದ್ದರೆ ಸಾಕು, ಮಿಕ್ಕಿದ್ದು ನನಗಿರಲಿ," ಎಂದ ರಾಜ.

ಮುದ್ದೀರನ ಕೈ ಅರ್ಧ ಎದ್ದಿತ್ತು. ಪಕ್ಕದ ಪೀಠದ ಹಿರಿಯ ಸಭಾಸದ ಅವನ ಕಿವಿಯ ಬಳಿ ಬಗ್ಗಿದ. "ಇರುವ ಕಣಜ ಒಂದೇ ಕಣಪ್ಪ. ಕನ್ನಡಿ ಕಿತ್ತು ಎಲ್ಲ ಮುದುಕರಿಗೂ ಹೊಸದಾಗಿ ಹಂಚಬೇಕಾದರೆ ಸುಗ್ಗಿ ಬರಬೇಕು. ಅಲ್ಲಿಯತನಕ ನಿನ್ನ ಉಂಬಳಿಯೂ ನಿಲ್ಲುತ್ತದೆ. ನಿನ್ನಜ್ಜಿ ಸುಗ್ಗಿ ನೋಡುತ್ತಾಳಾ? ಕೈ ಇಳಿಸು, ಸಂಜೆಗೆ ಅಕ್ಕಿ ಬರುತ್ತೆ."

ಮುದ್ದೀರನಿಗೆ ಬೋರಲು ಬಿದ್ದ ಗಡಿಗೆ ಕಣ್ಣಮುಂದೆ ಬಂತು. ಇವತ್ತೊಂದು ದಿನ, ನಾಳೆ ಎತ್ತಿದರಾಯಿತು ಅಂದುಕೊಂಡ. ಕೈ ಇಳಿಯಿತು. ರಾಜ ಅವನನ್ನೊಮ್ಮೆ ನೋಡಿ ಎದ್ದು ಒಳಗೆ ಹೋದ. ಕನ್ನಡಿಯ ಮಾತನ್ನು ರಾಜ ಮತ್ತೆಂದೂ ಎತ್ತಲಿಲ್ಲ.

ಸಂಜೆ ಅಕ್ಕಿ ಬಂತು, ತುಪ್ಪ ಬಂತು. ಕೆಂಚವ್ವ ಚೇತರಿಸಿಕೊಂಡಳು, ಸುಗ್ಗಿಯನ್ನೂ ಕಂಡಳು. ಒಂದು ಅಮಾವಾಸ್ಯೆಯ ಬೆಳಗ್ಗೆ ಪಕ್ಕದ ಮನೆಯ ಹೊನ್ನಜ್ಜಿ ಕೋಲೂರಿಕೊಂಡು ಕನ್ನಡಿಯತ್ತ ಹೋಗುವುದನ್ನು ನೋಡಿದಳು. ಮುಂದಿದ್ದ ತಟ್ಟೆ ಸರಿಸಿದಳು.

"ಒಗಟು ಬಿಡಿಸಾಕೆ ಬತ್ತದಲ್ಲ ನಿಂಗೆ, ಒಂದು ಹೇಳ್ತೀನಿ ಕೇಳು ಮಗಾ. ನೆಲದ ಮೇಲಿದ್ದಾಗ ಅಜ್ಜಿನ್ನೇ ಬೆನ್ನ ಮೇಲೆ ಹೊತ್ಕಂಡು ಓಡಾಡ್ತಿತ್ತು. ಮೇಲೆ ಕೂತ್ಮೇಲೆ ತನ್ನ ಕೈನೇ ಎತ್ತಾಕಾಗ್ಲಿಲ್ಲ. ಅದೇನು?"

ಮುದ್ದೀರನಿಗೆ ಉತ್ತರ ಗೊತ್ತಿತ್ತು. ತಟ್ಟೆಯನ್ನು ಮತ್ತೆ ಅಜ್ಜಿಯ ಮುಂದಕ್ಕೆ ಸರಿಸಿದ.